ಬರೀ ಆಟವೇ?

ಆಟಗಾರರ ಆತ್ಮಕಥೆಗಳ ಬಗ್ಗೆ ನನ್ನದೊಂದು ತಕರಾರಿದೆ. ಬರೆಯುವುದು ಕಪ್ ಗೆದ್ದ ಮೇಲೆ. ಹಾಗಾಗಿ ಪಟ್ಟ ಪಾಡೆಲ್ಲ ಕಪ್ಪಿನ ಕಡೆಗೇ ಕಟ್ಟಿದ ಮೆಟ್ಟಿಲುಗಳಂತೆ ಕಾಣುತ್ತವೆ. ಏಮನ್ ಡನ್ಫಿ ಅವರ ‘ಓನ್ಲಿ ಎ ಗೇಮ್?’ (1976) ಆ ಜಾತಿಯದಲ್ಲ. ಇದು 1973-74ರ ಫುಟ್‌ಬಾಲ್ ಸೀಸನ್ನಿನ ದಿನಚರಿ. ಇವತ್ತು ಬರೆಯುವವರಿಗೆ ನಾಳೆ ಏನಾಗುತ್ತದೆಂದು ಗೊತ್ತಿಲ್ಲ.

ಡನ್ಫಿ ಡಬ್ಲಿನ್ನಿನವರು. ಹದಿಹರೆಯದಲ್ಲೇ ಸಮುದ್ರ ದಾಟಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದರು. ಅಲ್ಲಿನ ಮೊದಲ ತಂಡದಲ್ಲಿ ಒಂದು ಲೀಗ್ ಪಂದ್ಯವನ್ನೂ ಆಡಲಿಲ್ಲ. ಯಾರ್ಕ್ ಸಿಟಿಯಲ್ಲಿ ಕೆಲಕಾಲ ಇದ್ದು, ಆಮೇಲೆ ಸುಮಾರು ಎಂಟು ವರ್ಷ ಲಂಡನ್ನಿನ ಮಿಲ್‌ವಾಲ್‌ಗೆ ಮಿಡ್‌ಫೀಲ್ಡರ್ ಆಗಿ ದುಡಿದರು. ಐರ್ಲೆಂಡ್ ಪರ 23 ಪಂದ್ಯ ಆಡಿದರೂ ಅನ್ನ ಹುಟ್ಟುತ್ತಿದ್ದದ್ದು ಇಂಗ್ಲೆಂಡಿನ ಎರಡನೇ ಡಿವಿಷನ್ನಿನಲ್ಲಿ. 1972ರಲ್ಲಿ ಮಿಲ್‌ವಾಲ್‌ಗೆ ಒಂದೇ ಪಾಯಿಂಟಿನಿಂದ ಮೊದಲ ಡಿವಿಷನ್ ಕೈತಪ್ಪಿತ್ತು. ಹಾಗಾಗಿ ದಿನಚರಿ ಶುರುವಾಗುವುದೇ ಆಸೆಯಿಂದ. ಕೆಲವೇ ತಿಂಗಳಲ್ಲಿ ಡನ್ಫಿ ತಂಡದಿಂದ ಹೊರಗೆ. ಸೀಸನ್ ಮುಗಿಯುವ ಮೊದಲೇ ಮೂರನೇ ಡಿವಿಷನ್ನಿನ ಚಾರ್ಲ್ಟನ್‌ಗೆ.

ಪುಸ್ತಕದ ಜೀವ ಇರುವುದು ಹಾಗೆ ಹೊರಗೆ ಕೂತ ದಿನಗಳಲ್ಲಿ. ತನ್ನ ಜಾಗದಲ್ಲಿ ಬೇರೊಬ್ಬ ಆಡುವಾಗ ತನ್ನದೇ ತಂಡ ಸೋಲಲಿ ಎಂದು ಮನಸ್ಸು ಹಂಬಲಿಸುವುದನ್ನು ಡನ್ಫಿ ಮುಚ್ಚಿಡುವುದಿಲ್ಲ. ಐಟಿಯವರಾದ ನಮಗೆ ‘ಬೆಂಚ್’ ಹೊಸ ಪದವಲ್ಲ. ನಾನು ಹೆಸರು ಸೇರಿಸುವ, ತೆಗೆಯುವ ಕಡೆ ಕೂತವನು. ‘ಟೀಮ್ ಸ್ಪಿರಿಟ್’ ಎಂಬ ಮಾತನ್ನು ಎಷ್ಟೋ ಮೀಟಿಂಗುಗಳಲ್ಲಿ ಕೇಳಿದ್ದೇನೆ. ತಂಡದಲ್ಲಿ ಜಾಗ ಉಳಿದಿರುವವರೆಗೆ ಮಾತ್ರ ಆ ಮಾತಿಗೆ ಅರ್ಥ ಎಂದು ಇಷ್ಟು ನೇರವಾಗಿ ಹೇಳಿದ ಇನ್ನೊಂದು ಪುಸ್ತಕವನ್ನು ನಾನು ಓದಿಲ್ಲ.

ಕೊರತೆಯೂ ಇದೆ. ಮ್ಯಾನೇಜರ್ ಬೆನ್ನಿ ಫೆಂಟನ್ ನಮಗೆ ಕಾಣುವುದು ಜಾಗ ಕಳೆದುಕೊಂಡವರ ಕಣ್ಣಿನಿಂದ ಮಾತ್ರ. 28ರ ಆಟಗಾರನನ್ನು ಕೈಬಿಡಲು ಅವರಿಗೂ ಕಾರಣವಿದ್ದಿರಬಹುದು. ಅವರ ಪರವಾಗಿ ವಾದಿಸುವವರು ಇಲ್ಲಿ ಯಾರೂ ಇಲ್ಲ. ಆದರೆ ಎರಡೂ ಕಡೆ ತೂಗಿ ಬರೆದಿದ್ದರೆ ಆ ದಿನದ ಉರಿ ಆರಿಹೋಗುತ್ತಿತ್ತು. ಈ ಏಕಪಕ್ಷೀಯತೆಯನ್ನು ನಾನು ಸಹಿಸಬಲ್ಲೆ.

ಮುಂದೆ ಡನ್ಫಿ ಪತ್ರಕರ್ತರಾದರು, ಐರಿಷ್ ಟಿವಿಯಲ್ಲಿ ಯಾರನ್ನೂ ಬಿಡದ ವಿಮರ್ಶಕರೆಂದು ಹೆಸರಾದರು. ಆ ನಿಷ್ಠುರತೆ ಮೊದಲು ತಿರುಗಿದ್ದು ತಮ್ಮ ಮೇಲೆಯೇ ಎಂಬುದಕ್ಕೆ ಈ ದಿನಚರಿ ಸಾಕ್ಷಿ. ಆಫ್‌ಸೈಡ್ ಎಂದರೇನೆಂದು ತಿಳಿಯದವರೂ ಇದನ್ನು ಓದಬಹುದು. ಊರು ಬಿಟ್ಟು ಬಂದು, ಕೆಲಸವೇ ತಮ್ಮ ಗುರುತು ಎಂದುಕೊಂಡವರಿಗೆ ಶೀರ್ಷಿಕೆಯ ಆ ಪ್ರಶ್ನಾರ್ಥಕ ಚಿಹ್ನೆ ತಾನಾಗಿಯೇ ಅರ್ಥವಾಗುತ್ತದೆ.