ಹಿಂಬರಹವಿಲ್ಲದ ಸಮೀಕ್ಷೆ

ನಗರಸಭೆ, ಪುರಸಭೆಗಳ ಆಡಳಿತ ಸುಧಾರಿಸಬೇಕು ಎಂಬ ಮಾತು ಬಂದಾಗಲೆಲ್ಲ ಒಂದು ಸಲಹೆ ತಪ್ಪದೆ ಕೇಳಿಬರುತ್ತದೆ: ನೌಕರರ ಸಮೀಕ್ಷೆ ನಡೆಸಿ, ಹೆಸರು ಮಾತ್ರ ಕೇಳಬೇಡಿ. ಹೆಸರಿಲ್ಲದಿದ್ದರೆ ಭಯವಿರುವುದಿಲ್ಲ, ಭಯವಿಲ್ಲದಿದ್ದರೆ ನಿಜ ಹೊರಬರುತ್ತದೆ ಎಂಬ ನಂಬಿಕೆ. ಇದನ್ನು ಪ್ರಶ್ನಿಸಿದವರನ್ನು ನಾನು ಕಂಡಿಲ್ಲ. ಆದರೆ ಈ ಅನಾಮಧೇಯತೆಯಿಂದ ನಿಜವಾಗಿ ನಿರಾಳವಾಗುವವರು ಉತ್ತರ ಹೇಳಬೇಕಾದ ಅಧಿಕಾರಿಗಳು ಎಂಬುದು ನನ್ನ ತಕರಾರು.

ಪುರಸಭೆಯ ಟಪಾಲು ವಿಭಾಗಕ್ಕೆ ಪೌರಕಾರ್ಮಿಕರ ಒಂದು ಅರ್ಜಿ ಬಂತೆನ್ನಿ. ಕೈಗವಸು ಕೊಟ್ಟು ಎಂಟು ತಿಂಗಳಾಯಿತು, ಬೆಳಗಿನ ಜಾವ ಹಾಜರಿ ಹಾಕುವ ಜಾಗದಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ. ಕೆಳಗೆ ಮೂವತ್ತು ಮಂದಿಯ ಸಹಿ, ಹೆಬ್ಬೆಟ್ಟು. ಅದಕ್ಕೆ ಇನ್‌ವರ್ಡ್ ನಂಬರ್ ಬೀಳುತ್ತದೆ, ಕಡತ ಹುಟ್ಟುತ್ತದೆ, ವಿಷಯ ನಿರ್ವಾಹಕರ ಮೇಜಿಗೆ ಹೋಗುತ್ತದೆ. ಮುಖ್ಯಾಧಿಕಾರಿ ಹಿಂಬರಹ ಕೊಡಬೇಕು. ‘ಅನುದಾನ ಲಭ್ಯವಿಲ್ಲ’ ಎಂದು ಕೈತೊಳೆದುಕೊಳ್ಳುವುದಾದರೂ ಅದನ್ನು ಬರೆದು ರುಜು ಹಾಕಿಯೇ ತೊಳೆದುಕೊಳ್ಳಬೇಕು. ಸುಮ್ಮನೆ ಕೂತರೆ, ಆ ನಂಬರು ಹಿಡಿದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಕೇಳಬಹುದು.

ಅದೇ ಸಂಕಟ ಸಮೀಕ್ಷೆಯ ನಮೂನೆಗೆ ಸಿಕ್ಕಿದರೆ ಏನಾಗುತ್ತದೆ? ‘ಸುರಕ್ಷಾ ಪರಿಕರಗಳ ಬಗ್ಗೆ ನಿಮಗೆ ಎಷ್ಟು ತೃಪ್ತಿಯಿದೆ? 1ರಿಂದ 5ರೊಳಗೆ ಅಂಕ ಕೊಡಿ.’ ಮೂವತ್ತು ಜನರ ಕೈಯ ಗಾಯಗಳೆಲ್ಲ ಕೂಡಿ 2.6 ಆಗುತ್ತದೆ. 2.6ಕ್ಕೆ ಹಿಂಬರಹ ಬರೆಯುವ ಪದ್ಧತಿ ಯಾವ ಕಚೇರಿಯಲ್ಲೂ ಇಲ್ಲ. ಮರುವರ್ಷ ಅದು 2.9ಕ್ಕೆ ಏರಿದರೆ ಪ್ರಗತಿ ಪರಿಶೀಲನಾ ಸಭೆಯಲ್ಲಿ ತೋರಿಸಲು ಒಂದು ಸ್ಲೈಡು ಸಿಕ್ಕಿತು. ಅಷ್ಟರಲ್ಲಿ ಕೈಗವಸು ಬಂದಿರಲೇಬೇಕೆಂದೇನಿಲ್ಲ.

ಇನ್ನು ಗೋಪ್ಯತೆಯಾದರೂ ಉಳಿಯುತ್ತದೆಯೇ? ಸಣ್ಣ ಊರಿನ ಪುರಸಭೆಯಲ್ಲಿ ವಯಸ್ಸು, ಲಿಂಗ, ಹುದ್ದೆ, ವಾರ್ಡು ಇಷ್ಟು ತುಂಬಿಸಿದರೆ ಸಾಕು, ಬರೆದವರು ಯಾರೆಂದು ಹೆಲ್ತ್ ಇನ್‌ಸ್ಪೆಕ್ಟರ್‌ಗೆ ಗೊತ್ತಾಗುತ್ತದೆ. ಓದು ಬಾರದವರ ನಮೂನೆಯನ್ನು ತುಂಬಿಕೊಡುವವನೂ ಅವರ ಹಾಜರಿ ಹಾಕುವ ಮೇಸ್ತ್ರಿಯೇ. ಇದನ್ನು ತಡೆಯಲು ಸಮೀಕ್ಷಾ ತಜ್ಞರ ಬಳಿ ಒಂದು ಉಪಾಯವಿದೆ: ತೀರಾ ಸಣ್ಣ ಗುಂಪಿನ ಫಲಿತಾಂಶವನ್ನು ಬೇರೆಯಾಗಿ ತೋರಿಸದೆ ದೊಡ್ಡ ಗುಂಪಿಗೆ ಸೇರಿಸಿಬಿಡುವುದು. ಹಾಗೆ ಮಾಡಿದಾಗ ಒಳಚರಂಡಿ ನೋಡಿಕೊಳ್ಳುವ ಆರೇಳು ಮಂದಿ ಗುಮಾಸ್ತರು, ಬಿಲ್ ಕಲೆಕ್ಟರ್‌ಗಳ ಲೆಕ್ಕದಲ್ಲಿ ಕರಗಿಹೋಗುತ್ತಾರೆ. ಯಾರ ಜೀವಕ್ಕೆ ಅಪಾಯ ಹೆಚ್ಚೋ, ಯಾರ ರಕ್ಷಣೆಗಾಗಿ 2013ರಲ್ಲಿ ಮಲ ಹೊರುವ ಪದ್ಧತಿ ನಿಷೇಧಿಸುವ ಪ್ರತ್ಯೇಕ ಕಾಯ್ದೆಯೇ ಬಂತೋ, ಅವರ ದನಿಯನ್ನೇ ಅವರ ರಕ್ಷಣೆಯ ಹೆಸರಿನಲ್ಲಿ ಅಳಿಸಿದಂತಾಯಿತು. ಅದಕ್ಕೂ ಮೊದಲು ಅವರು ಹೊರಗುತ್ತಿಗೆಯವರಾಗಿದ್ದರೆ ‘ನೌಕರರ’ ಪಟ್ಟಿಯಲ್ಲೇ ಇರುವುದಿಲ್ಲ. ಆಟೋ ಟಿಪ್ಪರ್ ಚಾಲಕರು, ಲೋಡರ್‌ಗಳ ಕತೆಯೂ ಇದೇ. (ಸ್ವಚ್ಛ ಸರ್ವೇಕ್ಷಣೆಯಲ್ಲಿ ಊರಿನ ಕಸದ ಬಗ್ಗೆ ನಾಗರಿಕರ ಅಭಿಪ್ರಾಯಕ್ಕೆ ಅಂಕಗಳುಂಟು. ಅದನ್ನು ಎತ್ತುವವರ ಕೈಗವಸಿನ ಬಗ್ಗೆ ಅವರದೇ ಅಭಿಪ್ರಾಯಕ್ಕೆ ಎಷ್ಟು ಅಂಕವೋ!)

ಸಮೀಕ್ಷೆಯ ಪರ ಇರುವವರ ಗಟ್ಟಿ ವಾದ ಭಯದ್ದು. ಹೆಸರು ಬರೆದವಳಿಗೆ ನಾಳೆ ಹಾಜರಿ ಸಿಗದಿದ್ದರೆ? ಇದು ಸುಳ್ಳಲ್ಲ. ಗುತ್ತಿಗೆದಾರನ ಕೈಕೆಳಗೆ ದುಡಿದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಆ ಭಯದ ಬೇರು ಇರುವುದು ನೌಕರಿಯ ಅಭದ್ರತೆಯಲ್ಲಿ. ಕಾಗದದ ಮೇಲಿನ ಹೆಸರನ್ನು ಅಳಿಸಿದರೂ ಅಭದ್ರತೆ ಹಾಗೇ ಉಳಿಯುತ್ತದೆ. 2022ರ ಜುಲೈ ಮೊದಲ ವಾರ ರಾಜ್ಯದ ಪೌರಕಾರ್ಮಿಕರು ಕಾಯಮಾತಿ ಕೇಳಿ ಪೊರಕೆ ಕೆಳಗಿಟ್ಟರು. ಅವರಲ್ಲಿ ಬಹುಪಾಲು ಹೆಂಗಸರು. ಮುಖ ಮುಚ್ಚಿಕೊಂಡು ಕೇಳಲಿಲ್ಲ. ಸಮವಸ್ತ್ರದಲ್ಲೇ ಬೀದಿಗೆ ಬಂದು ಕೂತರು, ಬಾಯಿಮಾತಿನ ಭರವಸೆ ಸಾಲದು, ಬರೆದು ಕೊಡಿ ಎಂದರು. ಅದೇ ಸೆಪ್ಟೆಂಬರ್‌ನಲ್ಲಿ 11,133 ಪೌರಕಾರ್ಮಿಕರ ಸೇವೆ ಕಾಯಂ ಮಾಡಲು ಸಚಿವ ಸಂಪುಟ ಒಪ್ಪಿತು. ಒಬ್ಬಳ ಹೆಸರಿಗೆ ಅಪಾಯವಿದೆ, ನಿಜ. ಸಾವಿರ ಹೆಸರುಗಳು ಒಟ್ಟಿಗೆ ನಿಂತಾಗ ಅಪಾಯದ ದಿಕ್ಕೇ ಬದಲಾಗುತ್ತದೆ.

ಒಬ್ಬಳೇ ದೂರು ಕೊಡಬೇಕಾದ ಸಂದರ್ಭವೂ ಉಂಟು, ಲೈಂಗಿಕ ಕಿರುಕುಳದಂಥದ್ದು. ಅಲ್ಲಿಯೂ ನಮ್ಮ ಕಾನೂನು ಅನಾಮಧೇಯತೆಯ ಮೊರೆ ಹೋಗಿಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ, 2013ರದ್ದೇ ಇನ್ನೊಂದು ಕಾಯ್ದೆಯ ಪ್ರಕಾರ ದೂರು ಲಿಖಿತವಾಗಿರಬೇಕು, ಸಮಿತಿಗೆ ದೂರುದಾರಳು ಯಾರೆಂದು ತಿಳಿದಿರಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಅವಳ ಗುರುತನ್ನು ಹೊರಗೆ ಬಿಟ್ಟುಕೊಡುವಂತಿಲ್ಲ. ಕೇಳಿಸಿಕೊಳ್ಳಬೇಕಾದವನಿಗೆ ಹೆಸರು ಗೊತ್ತು, ಊರಿಗೆ ಗೊತ್ತಿಲ್ಲ. ಸಮೀಕ್ಷೆ ಈ ಎರಡನ್ನೂ ಒಂದೇ ಮಾಡಿ, ಕೇಳಿಸಿಕೊಳ್ಳಬೇಕಾದವನನ್ನು ಜವಾಬ್ದಾರಿಯಿಂದ ಬಿಡಿಸುತ್ತದೆ.

ವರ್ಷ ವರ್ಷ ಸಮೀಕ್ಷೆ ನಡೆಸುವ ರೂಢಿ ಚೆನ್ನಾಗಿ ಬೇರೂರಿರುವುದು ಬ್ರಿಟನ್ನಿನಲ್ಲಿ. ಆದರೆ ಅಲ್ಲೂ ಆಡಳಿತಕ್ಕೆ ಬಿಸಿ ಮುಟ್ಟಿಸಿದ್ದು ಹೆಸರು ಹಾಕಿ ಕೇಳಿದವರೇ. ಅಲ್ಲಿನ ಬರ್ಮಿಂಗ್‌ಹ್ಯಾಮ್ ನಗರಸಭೆಯಲ್ಲಿ ಅಡುಗೆ, ಕಸಗುಡಿಸುವಿಕೆ, ಆರೈಕೆಯ ಕೆಲಸಗಳಲ್ಲಿದ್ದ ಹೆಂಗಸರು ಗಂಡಸರಿಗೆ ಸಮನಾದ ಸಂಬಳ ಸಿಗಲಿಲ್ಲವೆಂದು ದಾವೆ ಹೂಡಿದರು. 2012ರಲ್ಲಿ 174 ಮಂದಿಯ ಪರವಾಗಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಸಮಾನ ವೇತನದ ಬಾಕಿ ಬೆಳೆಯುತ್ತಲೇ ಹೋಯಿತು. 2023ರ ಸೆಪ್ಟೆಂಬರ್‌ನಲ್ಲಿ ಆ ನಗರಸಭೆ ಹಣವಿಲ್ಲವೆಂದು ಕೈಚೆಲ್ಲಿದಾಗ ಹೇಳಿದ ಮುಖ್ಯ ಕಾರಣಗಳಲ್ಲಿ ಅದೂ ಒಂದು. ತೃಪ್ತಿಯ ಅಂಕಪಟ್ಟಿ ಯಾವ ನಗರಸಭೆಯ ಬೊಕ್ಕಸವನ್ನೂ ಹೀಗೆ ಅಲುಗಾಡಿಸಿದ್ದಿಲ್ಲ. ಅಧಿಕಾರಿಗಳಿಗೆ ಅದು ಪ್ರಿಯವಾಗಿರುವುದೂ ಅದಕ್ಕೇ ಇರಬಹುದು.

ಹಾಗಾದರೆ ನೌಕರರನ್ನು ಕೇಳುವುದೇ ಬೇಡವೇ? ಕೇಳಿ, ಆದರೆ ಅರ್ಜಿಯಂತೆ ಕೇಳಿ. ಮಾದರಿಯನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2011ರ ಸಕಾಲ ಕಾಯ್ದೆಯಡಿ ಜನನ ಪ್ರಮಾಣಪತ್ರ ಕೇಳಿದ ನಾಗರಿಕನಿಗೆ ಸ್ವೀಕೃತಿ ಸಂಖ್ಯೆ ಸಿಗುತ್ತದೆ, ಗಡುವು ಸಿಗುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಆ ಪ್ರಮಾಣಪತ್ರವನ್ನು ಸಿದ್ಧಪಡಿಸುವ ಡೇಟಾ ಎಂಟ್ರಿ ಆಪರೇಟರ್‌ಗೆ ಮೂರು ತಿಂಗಳಿಂದ ಸಂಬಳವಾಗದಿದ್ದರೆ ಅವನ ದೂರಿಗೆ ಯಾವ ಸಂಖ್ಯೆ, ಯಾವ ಗಡುವು? ವಾರ್ಡುವಾರು ಗುಂಪಾಗಿ ಕೂತು, ಸಂಘದವರ ಸಮ್ಮುಖದಲ್ಲಿ ಹೇಳಿದ ಒಂದೊಂದು ಕುಂದುಕೊರತೆಗೂ ಕಾಯಂ, ಹೊರಗುತ್ತಿಗೆ ಎಂದು ಭೇದ ಮಾಡದೆ ಪುರಸಭೆ ನಂಬರು ಕೊಡಲಿ. ಪೊರಕೆ, ಶೌಚಾಲಯ, ವಾರದ ರಜೆಯಂಥವು ಮುಖ್ಯಾಧಿಕಾರಿಯ ಮಟ್ಟದಲ್ಲೇ ತೀರುತ್ತವೆ. ಹುದ್ದೆ ಮಂಜೂರಾತಿ ಅವರ ಕೈಯಲ್ಲಿಲ್ಲ, ಅದು ಪೌರಾಡಳಿತ ನಿರ್ದೇಶನಾಲಯ, ಹಣಕಾಸು ಇಲಾಖೆಗಳ ಮಾತು. ಅಂಥದ್ದಕ್ಕೆ ಯಾವ ತಾರೀಖು, ಯಾವ ಪತ್ರ ಸಂಖ್ಯೆಯಲ್ಲಿ ಮೇಲಕ್ಕೆ ಕಳಿಸಿದೆ ಎಂದು ಹಿಂಬರಹದಲ್ಲಿ ಬರೆದು, ಅದರ ಪ್ರತಿಯನ್ನು ಹಾಜರಿ ಹಾಕುವ ಜಾಗದಲ್ಲಿ ಅಂಟಿಸಲಿ. ಓದಲು ಬಾರದವರಿಗೆ ಬೆಳಗಿನ ಹಾಜರಿಯ ಹೊತ್ತಿಗೆ ಯಾರಾದರೂ ಗಟ್ಟಿಯಾಗಿ ಓದಿ ಹೇಳಲಿ, ಮೇಸ್ತ್ರಿಯೊಬ್ಬನನ್ನು ಬಿಟ್ಟು.