ಕಣ್ಣಿಗೆ ಒಗ್ಗುವ ಅಕ್ಷರ

ಗಣಕಯಂತ್ರದಲ್ಲಿ ಕನ್ನಡ ಓದುವವರು 'ತುಂಗಾ' ಎಂಬ ಹೆಸರನ್ನು ಎಲ್ಲಾದರೊಮ್ಮೆ ನೋಡಿರುತ್ತಾರೆ. 2001ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಎಕ್ಸ್‌ಪಿಯ ಜೊತೆಗೆ ಬಂದ ಕನ್ನಡ ಅಕ್ಷರಶೈಲಿ ಅದು. ಹೆಸರು ಕೇಳಿದೊಡನೆ ಮಲೆನಾಡಿನ ನದಿ ನೆನಪಾಗುತ್ತದೆ. ಆದರೆ ಅದನ್ನು ರೂಪಿಸಿದವರು ನಮ್ಮ ಮುಂಬಯಿಯ ಪ್ರೊ. ಆರ್. ಕೆ. ಜೋಶಿಯವರು (1936–2008). ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಜಾಹೀರಾತು ಕ್ಷೇತ್ರದಲ್ಲಿ ದುಡಿದು, ಬಳಿಕ ಪೊವಾಯಿಯ ಐ.ಐ.ಟಿ.ಯ ವಿನ್ಯಾಸ ಕೇಂದ್ರದಲ್ಲಿ ಪಾಠ ಹೇಳಿದವರು. ದೇವನಾಗರಿಯ 'ಮಂಗಲ್' ಕೂಡ ಅವರದೇ ಕೃತಿ.

ಮರಾಠಿ ಭಾಷಿಕರೊಬ್ಬರು ನಮ್ಮ ಲಿಪಿಗಾಗಿ ಇಷ್ಟು ಶ್ರಮಿಸಿದ್ದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಕೃತಜ್ಞತೆ ವಿಮರ್ಶೆಗೆ ಅಡ್ಡಿಯಾಗಬೇಕಿಲ್ಲ. ಅಕ್ಷರದ ಗುಣಾವಗುಣಗಳನ್ನು ಕೊನೆಗೆ ತೀರ್ಮಾನಿಸುವುದು ಅದನ್ನು ಓದುವ ಕಣ್ಣು.

ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುವುದಿಲ್ಲ, ಕುಪ್ಪಳಿಸುತ್ತದೆ. ಒಂದೆಡೆ ಸುಮಾರು ಕಾಲು ಸೆಕೆಂಡು ನಿಂತು, ಕೆಲವೇ ಅಕ್ಷರಗಳನ್ನು ಸ್ಫುಟವಾಗಿ ಕಂಡು, ಮುಂದಕ್ಕೆ ಹಾರುತ್ತದೆ. ಕೈ ನೀಡಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟು ಅಗಲ ಮಾತ್ರ ಅದಕ್ಕೆ ನಿಚ್ಚಳ, ಸುತ್ತಲಿನದೆಲ್ಲ ಮಸುಕು. ಆ ಕಾಲು ಸೆಕೆಂಡಿನಲ್ಲಿ ಗುರುತು ಸಿಕ್ಕದಿದ್ದರೆ ಕಣ್ಣು ಹಿಂದಕ್ಕೆ ಮರಳುತ್ತದೆ. ಹೀಗೆ ಮತ್ತೆ ಮತ್ತೆ ಮರಳಬೇಕಾದ ಓದು ಆಯಾಸದ ಓದು.

ಕನ್ನಡ ಅಕ್ಷರ ತನ್ನ ಗುರುತುಗಳನ್ನು ಮೂರು ಅಂತಸ್ತುಗಳಲ್ಲಿ ಹಂಚಿಕೊಂಡಿದೆ. ತಲೆಕಟ್ಟು, ಗುಡಿಸು, ಏತ್ವ ಮೇಲೆ. ಅಕ್ಷರದ ಒಡಲು ನಡುವೆ. ಮಹಾಪ್ರಾಣದ ಗೀಟು ಬುಡದಲ್ಲಿ, ಅದರ ಕೆಳಗೆ ಒತ್ತು. 'ದನ'ಕ್ಕೂ 'ಧನ'ಕ್ಕೂ ಇರುವ ಅಂತರ ಬುಡದ ಒಂದು ಸಣ್ಣ ಗೀಟು. ಒತ್ತು ಅಳಿಸಿಹೋದರೆ 'ಕತ್ತೆ'ಯೇ 'ಕತೆ'ಯಾಗುತ್ತದೆ. ಇಷ್ಟು ಸೂಕ್ಷ್ಮ ವ್ಯತ್ಯಾಸಗಳ ಲಿಪಿಯನ್ನು ಕುಗ್ಗಿಸಿದಾಗ ಅಂದ ಮಾತ್ರವಲ್ಲ, ಅರ್ಥವೂ ಕೆಡುತ್ತದೆ.

ಈ ದೃಷ್ಟಿಯಿಂದ ನೋಡಿದರೆ ತುಂಗಾದ ಗೆರೆ ಸರಳ, ಹೆಚ್ಚುಕಡಿಮೆ ಒಂದೇ ದಪ್ಪದ್ದು. ದುಂಡುಗಳು ಮುಚ್ಚಿಕೊಳ್ಳದೆ ತೆರೆದಿವೆ. ಇವು ಮೆಚ್ಚತಕ್ಕ ಗುಣಗಳು. ಕೊರತೆಯೆಂದರೆ, ಅದೇ ಅಳತೆಯ ಇಂಗ್ಲಿಷ್ ಅಕ್ಷರದ ಪಕ್ಕದಲ್ಲಿ ಕನ್ನಡ ಕಿರಿದಾಗಿ, ಬಡಕಲಾಗಿ ಕಾಣುತ್ತದೆ. ಇದರ ದೋಷವನ್ನೆಲ್ಲ ಜೋಶಿಯವರ ಮೇಲೆ ಹೊರಿಸಲಾಗದು. ಪರದೆಯ ಪಟ್ಟಿಗಳೂ ಗುಂಡಿಗಳೂ ರೋಮನ್ ಲಿಪಿಗೆ ಅಳತೆ ಮಾಡಿದವು. ಆ ಎತ್ತರದೊಳಗೇ ನಮ್ಮ ಒತ್ತುಗಳೂ ಹಿಡಿಸಬೇಕು. ಚಾಳಿನ ಒಂದು ಖೋಲಿಯಲ್ಲಿ ಕೂಡುಕುಟುಂಬವೊಂದು ಬಾಳುವ ಕಷ್ಟ ಅದು! 2012ರಲ್ಲಿ ವಿಂಡೋಸ್ 8ರೊಡನೆ 'ನಿರ್ಮಲಾ' ಎಂಬ ಹೊಸ ಅಕ್ಷರಶೈಲಿ ಬಂದರೂ ಮೂರಂತಸ್ತಿನ ಲಿಪಿಗೆ ಜಾಗವೆಷ್ಟು ಬೇಕೆಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಹೊರನಾಡಿನಲ್ಲಿರುವ ನಮಗೆ ಇದರಿಂದ ಏನು ಪಾಠ? ನಮ್ಮ ಸಂಘಗಳ ಪತ್ರಿಕೆ, ಆಮಂತ್ರಣ, ಸ್ಮರಣಸಂಚಿಕೆಗಳನ್ನೇ ನೋಡೋಣ. ಪುಟ ಉಳಿಸಲೆಂದು ಅಕ್ಷರ ಕಿರಿದು ಮಾಡುತ್ತೇವೆ. ಸಾಲುಗಳನ್ನು ಒತ್ತೊತ್ತಾಗಿ ಜೋಡಿಸುತ್ತೇವೆ. ಚೆಂದಕ್ಕೆಂದು ಬಣ್ಣದ ಚಿತ್ರದ ಮೇಲೆಯೇ ಕವಿತೆ ಅಚ್ಚು ಹಾಕಿಸುತ್ತೇವೆ. ಇವನ್ನು ಓದುವವರಲ್ಲಿ ಬಹುಮಂದಿ ಹಿರಿಯರು. 60ರ ವಯಸ್ಸಿನಲ್ಲಿ ಕಣ್ಣಿನೊಳಗೆ ತಲುಪುವ ಬೆಳಕು 20ರ ವಯಸ್ಸಿನದರ ಸುಮಾರು ಮೂರರಲ್ಲೊಂದು ಪಾಲು ಮಾತ್ರ. ಅವರಿಗೆ ಬೇಕಾದುದು ಬಿಳಿಯ ಮೇಲೆ ಕಪ್ಪು, ಮತ್ತು ತುಸು ದೊಡ್ಡ ಅಕ್ಷರ.

ಇನ್ನೊಂದೆಡೆ ಮಕ್ಕಳಿದ್ದಾರೆ. ಅವರು ಶಾಲೆಯಲ್ಲಿ ಕಲಿಯುವುದು ದೇವನಾಗರಿ. ಅಲ್ಲಿ ಮೇಲಿನ ಶಿರೋರೇಖೆ ಒಂದು ಪದದ ಅಕ್ಷರಗಳನ್ನೆಲ್ಲ ದಾರದಂತೆ ಪೋಣಿಸಿಕೊಡುತ್ತದೆ. ಹತ್ತಿರವಿರುವುದನ್ನೂ ಗೆರೆಯಿಂದ ಕೂಡಿದ್ದನ್ನೂ ಒಂದೇ ಗುಂಪೆಂದು ಕಾಣುವುದು ಕಣ್ಣಿನ ಸ್ವಭಾವ. ಕನ್ನಡದಲ್ಲಿ ತಲೆಕಟ್ಟುಗಳು ಬಿಡಿಬಿಡಿ; ಪದವನ್ನು ಹಿಡಿದಿಡುವುದು ಅದರ ಅಕ್ಕಪಕ್ಕದ ತೆರಪು ಮಾತ್ರ. ಬಲಗಡೆಯ ಅಂಚನ್ನು ಸರಿಗಟ್ಟಲು ಅಕ್ಷರಗಳನ್ನು ಎಳೆದು ಹಂಚಿದರೆ, ಪದ ಎಲ್ಲಿ ಮುಗಿಯಿತೆಂದು ಹೊಸ ಓದುಗನಿಗೆ ತಿಳಿಯುವುದೇ ಇಲ್ಲ. ಮನೆಯಲ್ಲಿ ಕನ್ನಡ ಮಾತನಾಡುವ ಹುಡುಗಿ ಪತ್ರಿಕೆಯನ್ನು ಎರಡು ಸಾಲು ಓದಿ ಕೆಳಗಿಟ್ಟರೆ, ಅವಳಿಗೆ ಭಾಷಾಭಿಮಾನವಿಲ್ಲವೆಂದು ದೂರುತ್ತೇವೆ. ದೂರುವ ಮುನ್ನ ಆ ಎರಡು ಸಾಲು ಹೇಗೆ ಅಚ್ಚಾಗಿದ್ದವೆಂದು ನೋಡಬೇಡವೇ?

ಸಂಪಾದಕ ಮಂಡಳಿಗಳಿಗೆ ನಮ್ಮ ವಿನಂತಿ ಇಷ್ಟೇ. ಅಚ್ಚಿಗೆ ಹೋಗುವ ಮುನ್ನ ಒಂದು ಪುಟವನ್ನು ಮನೆಯ ಅಜ್ಜಿಗೂ, ಈಗಷ್ಟೇ ಕನ್ನಡ ಕಲಿಯುತ್ತಿರುವ ಮಗುವಿಗೂ ಸಂಜೆಯ ಬೆಳಕಿನಲ್ಲಿ ಕೊಟ್ಟು ಓದಿಸಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಿ. ಅದಕ್ಕಾಗಿ ನಾಲ್ಕು ಪುಟ ಹೆಚ್ಚಾದರೆ ಆ ಖರ್ಚನ್ನು ಸದಸ್ಯರಾದ ನಾವು ಸಂತೋಷದಿಂದಲೇ ಹೊರೋಣ.