ನದಿಯ ಮೇಲ್ದಂಡೆಯ ಲೆಕ್ಕ, ಕೆಳದಂಡೆಯ ಪಾಠ

ನ್ಯೂಜಿಲೆಂಡ್ 1989ರಲ್ಲಿ ಸ್ಥಳೀಯ ಆಡಳಿತವನ್ನು ಹೊಸದಾಗಿ ಕಟ್ಟಿದಾಗ, ಪ್ರಾದೇಶಿಕ ಪರಿಷತ್ತುಗಳ ಗಡಿಯನ್ನು ಬಹುಮಟ್ಟಿಗೆ ನದಿಗಳ ಜಲಾನಯನ ನೋಡಿ ಹಾಕಿತು. ಬಿದ್ದ ಮಳೆ ಯಾವ ನದಿಗೆ ಸೇರುತ್ತದೋ ಆ ನದಿಯ ಪರಿಷತ್ತಿಗೆ ಆ ನೆಲ. ಕಾವೇರಿ, ಕೃಷ್ಣೆ, ಮಹದಾಯಿಯ ನೀರಿಗಾಗಿ ನ್ಯಾಯಮಂಡಳಿಗಳ ಮುಂದೆ ದಶಕಗಳನ್ನೇ ಕಳೆದಿರುವ ನಮಗೆ ಈ ತೀರ್ಮಾನದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 1991ರ ಸಂಪನ್ಮೂಲ ನಿರ್ವಹಣಾ ಕಾಯ್ದೆ ಈ ಪರಿಷತ್ತುಗಳಿಗೆ ನೀರು, ಗಾಳಿ, ಮಣ್ಣಿನ ವಿಚಾರದಲ್ಲಿ ನಿಯಮ ಮಾಡುವ ಅಧಿಕಾರವನ್ನೂ ಕೊಟ್ಟಿತು. ಇವುಗಳಲ್ಲಿ ವೈಕಾಟೊ ಪ್ರಾದೇಶಿಕ ಪರಿಷತ್ತಿನ ಕೆಲಸವನ್ನು ವಿಶೇಷವಾಗಿ ನೋಡಬೇಕು. ಒಂದೇ ನದಿಯ ಮೇಲ್ಭಾಗದಲ್ಲಿ ಅದು ಜಗತ್ತಿಗೆ ಮಾದರಿಯಾಗುವಂಥದ್ದನ್ನು ಸಾಧಿಸಿದೆ. ಕೆಳಭಾಗದಲ್ಲಿ ವರ್ಷಗಟ್ಟಲೆ ತಡವರಿಸಿದೆ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ, ಪರಿಸರ ಶಿಕ್ಷಣದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ವೈಕಾಟೊ ಆ ದೇಶದ ಅತಿ ಉದ್ದದ ನದಿ, 425 ಕಿಲೋಮೀಟರ್. ಅದು ಹೊರಡುವುದು 616 ಚದರ ಕಿಲೋಮೀಟರ್ ಹರಡಿರುವ ಟೌಪೊ ಸರೋವರದಿಂದ. ಸರೋವರ ಇರುವುದೇ ಜ್ವಾಲಾಮುಖಿಯ ಬಾಯಲ್ಲಿ. ಸುಮಾರು 1,800 ವರ್ಷಗಳ ಹಿಂದೆ ಅದು ಕೊನೆಯ ಬಾರಿ ದೊಡ್ಡದಾಗಿ ಸಿಡಿದಾಗ ಸುತ್ತಲ ನೆಲವನ್ನೆಲ್ಲ ಪ್ಯೂಮಿಸ್ ಎಂಬ ಹಗುರವಾದ, ತೂತುತೂತಾದ ಕಲ್ಲಿನ ಪುಡಿ ಮುಚ್ಚಿತು. ಆ ಮಣ್ಣಿನಲ್ಲಿ ನೀರು ನಿಲ್ಲದೆ ಕೆಳಗಿಳಿದುಬಿಡುತ್ತದೆ. ಸರೋವರದ ನೀರು ಕನ್ನಡಿಯಂತೆ ತಿಳಿಯಾಗಿರುವುದಕ್ಕೆ ಅದರಲ್ಲಿ ಸಾರಜನಕ ತೀರ ಕಡಿಮೆ ಇರುವುದು ಮುಖ್ಯ ಕಾರಣ. ಪಾಚಿಗೆ ಆಹಾರ ಕಡಿಮೆ, ಹಾಗಾಗಿ ಪಾಚಿಯೂ ಕಡಿಮೆ.

ಇಪ್ಪತ್ತನೆಯ ಶತಮಾನದಲ್ಲಿ ಸುತ್ತಲ ಕುರುಚಲು ಕಾಡು ಕಡಿದು ಹುಲ್ಲುಗಾವಲು ಮಾಡಿದರು. ಕುರಿ, ದನ ಬಂದವು. ಇಲ್ಲಿ ಅಪಾಯ ಇದ್ದದ್ದು ಗಂಜಲದಲ್ಲಿ. ಹಸು ಒಮ್ಮೆ ಗಂಜಲ ಹಾಕಿದ ಅಷ್ಟಗಲದ ಜಾಗಕ್ಕೆ ಅಲ್ಲಿಯ ಹುಲ್ಲು ಹೀರಿಕೊಳ್ಳಲಾಗದಷ್ಟು ಸಾರಜನಕ ಬೀಳುತ್ತದೆ. ಉಳಿದದ್ದು ಮಳೆಯೊಂದಿಗೆ ನೆಲಕ್ಕಿಳಿದು ಅಂತರ್ಜಲ ಸೇರುತ್ತದೆ. ಆ ಅಂತರ್ಜಲ ಸರೋವರ ಮುಟ್ಟಲು ಎಷ್ಟೋ ಕಡೆ ದಶಕಗಳೇ ಬೇಕು. ಎಂದರೆ ಅಜ್ಜನ ಕಾಲದಲ್ಲಿ ಮೇಯಿಸಿದ್ದರ ಪರಿಣಾಮ ಮೊಮ್ಮಗನ ಕಾಲದಲ್ಲಿ ನೀರಿಗೆ ಬರುತ್ತದೆ. ಇವತ್ತು ಎಲ್ಲ ದನಗಳನ್ನು ಹೊರಗೆ ಹೊಡೆದರೂ ಬರಬೇಕಾದ ಸಾರಜನಕ ಬಂದೇ ಬರುತ್ತದೆ.

ಪರಿಷತ್ತು ಇದನ್ನು ಎದುರಿಸಿದ ರೀತಿಗೆ ನನ್ನ ಮನಸ್ಸು ಪೂರ್ತಿ ಗೌರವ ಕೊಡುತ್ತದೆ. ಸರೋವರ ಕೆಡುವವರೆಗೂ ಅದು ಕಾಯಲಿಲ್ಲ. 2005ರಲ್ಲಿ ಕರಡು ಪ್ರಕಟಿಸಿ, ಪರಿಸರ ನ್ಯಾಯಾಲಯದ ವಾದಗಳನ್ನೆಲ್ಲ ದಾಟಿ, 2011ರಲ್ಲಿ ನಿಯಮವನ್ನು ಜಾರಿಗೆ ತಂದಿತು. 2001ರಿಂದ 2005ರ ನಡುವಿನ ಒಂದು ವರ್ಷವನ್ನು ಆಧಾರವಾಗಿಟ್ಟು ಪ್ರತಿ ಹೊಲದಿಂದ ಎಷ್ಟು ಸಾರಜನಕ ಸೋರಬಹುದೆಂದು ಮಿತಿ ಹಾಕಿತು. ಮಿತಿಗಿಂತ ಕಡಿಮೆ ಸೋರಿಸುವವನು ಉಳಿದ ಪಾಲನ್ನು ಮಾರಬಹುದು. ಕೇಂದ್ರ ಸರ್ಕಾರ, ಪ್ರಾದೇಶಿಕ ಪರಿಷತ್ತು, ಟೌಪೊ ಜಿಲ್ಲಾ ಪರಿಷತ್ತು ಸೇರಿ 8.15 ಕೋಟಿ ನ್ಯೂಜಿಲೆಂಡ್ ಡಾಲರಿನ ನಿಧಿ ಮಾಡಿ, ಅದನ್ನು ಒಂದು ಟ್ರಸ್ಟಿನ ಕೈಗೆ ಕೊಟ್ಟವು. ಟ್ರಸ್ಟ್ ಆ ಪಾಲುಗಳನ್ನು ಕೊಂಡು ಶಾಶ್ವತವಾಗಿ ತೆಗೆದುಹಾಕಿತು, ಹುಲ್ಲುಗಾವಲುಗಳು ಮರಗಳಿಗೆ ತಿರುಗಲು ಹಣ ಕೊಟ್ಟಿತು. ನಿಯಂತ್ರಿಸಬಹುದಾದ ಸಾರಜನಕದಲ್ಲಿ ಶೇ. 20ರಷ್ಟು ಕಡಿತ ಗುರಿಯಾಗಿತ್ತು. 2020ಕ್ಕೆ ಮುಟ್ಟಬೇಕಿದ್ದ ಅದಕ್ಕೆ 2015ರಲ್ಲೇ ಒಪ್ಪಂದಗಳು ಮುಗಿದವು. ನೀರು 2001ರ ಸ್ಥಿತಿಗೆ ಮರಳಬೇಕಾದದ್ದು 2080ಕ್ಕೆ. ತನ್ನನ್ನು ಆರಿಸಿದವರು ಬದುಕಿರುವಾಗ ಫಲ ಕಾಣದ ಕೆಲಸಕ್ಕೆ ಚುನಾಯಿತ ಸಂಸ್ಥೆಯೊಂದು ತೆರಿಗೆದಾರರ ಹಣ ಹಾಕಿತಲ್ಲ, ಅದು ಸಣ್ಣ ಧೈರ್ಯವಲ್ಲ.

ಆದರೆ ಮಿತಿಯನ್ನು ಹಂಚಿದ ರೀತಿ ನ್ಯಾಯವಾಗಿರಲಿಲ್ಲ. ಹಿಂದೆ ಹೆಚ್ಚು ಸೋರಿಸಿದವನಿಗೆ ಮುಂದೆಯೂ ಹೆಚ್ಚು ಸೋರಿಸುವ ಹಕ್ಕು, ಮಾರಲು ಹೆಚ್ಚು ಪಾಲು. ನೆಲವನ್ನು ಮರಗಳಿಗೆ, ಕುರುಚಲಿಗೆ ಬಿಟ್ಟಿದ್ದವನಿಗೆ ಸಿಕ್ಕದ್ದು ತೀರ ಕಡಿಮೆ. ಸರೋವರದ ತಳದ ಒಡೆತನವಿರುವ ಮಾವೊರಿ ಸಮುದಾಯ ಙಾತಿ ತೂಫಾರೆತೋವ ಆ ಜಲಾನಯನದ ದೊಡ್ಡ ಭೂಮಾಲೀಕರೂ ಹೌದು. ಅವರ ನೆಲದಲ್ಲಿ ಎಷ್ಟೋ ಭಾಗ ಅಭಿವೃದ್ಧಿಯಾಗದೆ ಉಳಿದಿತ್ತು. ನೀರನ್ನು ಕಡಿಮೆ ಕೆಡಿಸಿದವರ ಭವಿಷ್ಯಕ್ಕೇ ಬೀಗ ಬಿತ್ತು. ಇನ್ನೊಂದು ದೌರ್ಬಲ್ಯ ಅಳತೆಯಲ್ಲಿದೆ. ಹೊಲದ ಸೋರಿಕೆಯನ್ನು ನೇರ ಅಳೆಯಲಾಗುವುದಿಲ್ಲವೆಂದು ಓವರ್‌ಸೀರ್ ಎಂಬ ಕಂಪ್ಯೂಟರ್ ಮಾದರಿಯನ್ನು ನೆಚ್ಚಿಕೊಂಡರು. 2021ರಲ್ಲಿ ಸರ್ಕಾರವೇ ನೇಮಿಸಿದ ತಜ್ಞರ ತಂಡ ಅದರ ಅಂದಾಜನ್ನು ನಂಬಲು ಆಧಾರ ಸಾಲದು ಎಂದಿತು. ಮಾದರಿಯಲ್ಲಿ ಲೋಪವಿದ್ದರೂ ಮಿತಿ ಹಾಕಿದ್ದು ಸರಿಯೇ ಎಂದು ನಾನು ನಂಬುತ್ತೇನೆ. ಅಳತೆ ನಿಖರವಾಗುವವರೆಗೆ ಕಾಯ್ದಿದ್ದರೆ ಸರೋವರದ ದಡದಲ್ಲಿ ಇನ್ನಷ್ಟು ಡೈರಿಗಳು ಎದ್ದಿರುತ್ತಿದ್ದವು.

ಈಗ ಶಿಕ್ಷಣದ ಕಡೆ ಬರೋಣ. ದೇಶವೆಲ್ಲ ಹರಡಿರುವ ಎನ್ವಿರೊಸ್ಕೂಲ್ಸ್ ಕಾರ್ಯಕ್ರಮ 1990ರ ದಶಕದಲ್ಲಿ ಇದೇ ನದಿಯ ದಡದ ಹ್ಯಾಮಿಲ್ಟನ್ ನಗರದಲ್ಲಿ ಹುಟ್ಟಿದ್ದು. ವೈಕಾಟೊ ಪರಿಷತ್ತು ಅದನ್ನು ತನ್ನ ಪ್ರದೇಶದಲ್ಲಿ ನಡೆಸಿಕೊಂಡು ಬಂದಿದೆ. ಭಿತ್ತಿಪತ್ರ ಬರೆಸಿ, ಜಾಥಾ ಮಾಡಿಸಿ, ಸಸಿ ನೆಟ್ಟ ಫೋಟೊ ತೆಗೆಸಿ ಮುಗಿಸುವ ಕಾರ್ಯಕ್ರಮ ಅದಲ್ಲ. ಶಾಲೆಯ ನೀರು, ಕಸ, ವಿದ್ಯುತ್ತಿನ ತೀರ್ಮಾನವನ್ನು ಮಕ್ಕಳೇ ಮಾಡಬೇಕು. ಮಾವೊರಿಗಳ ಅರಿವು ಪಾಠದ ಒಳಗೇ ಇರಬೇಕು. ಮಗುವನ್ನು ಇಷ್ಟು ಗೌರವದಿಂದ ಕಾಣುವ ಪರಿಸರ ಶಿಕ್ಷಣ ಅಪರೂಪ. ಪರಿಷತ್ತಿನ ಸಮುದಾಯ ಕೆಲಸದ ಇನ್ನೊಂದು ಹೆಮ್ಮೆ, 2007ರಲ್ಲಿ ಆರಂಭವಾದ ಹ್ಯಾಮಿಲ್ಟನ್ ಹೇಲೊ: ನಗರದ ಸುತ್ತಲ ಕಾಡುಗಳಲ್ಲಿ ಇಲಿ, ಪಾಸಮ್‌ಗಳನ್ನು ಹತೋಟಿಗೆ ತಂದದ್ದರಿಂದ ಟೂಯಿ ಹಕ್ಕಿ ಮತ್ತೆ ಊರೊಳಗೆ ಬಂತು.

ಆದರೆ ಆ ಮಕ್ಕಳು ಶಾಲೆಯ ಪಕ್ಕದ ತೊರೆಗಿಳಿದು ನೀರು ಪರೀಕ್ಷಿಸುತ್ತಿದ್ದ ವರ್ಷಗಳಲ್ಲೇ ಕೆಳದಂಡೆಯ ನೀರಿನ ತೀರ್ಮಾನ ಬೇರೆ ಕಡೆ ಸಿಕ್ಕಿಕೊಂಡಿತ್ತು. 2010ರ ಕಾಯ್ದೆ, ನದಿ ತನ್ನ ಉದ್ದಕ್ಕೂ ಈಜಲು, ಆಹಾರ ಸಂಗ್ರಹಿಸಲು ಸುರಕ್ಷಿತವಾಗಬೇಕು ಎಂದು ಗುರಿ ಹಾಕಿತು. ವೈಕಾಟೊ-ಟೈನುಯಿ ಎಂಬ ಮಾವೊರಿ ಜನರಿಗೆ ನದಿ ಪೂರ್ವಜ. ಆ ಗುರಿಯ ಹಿಂದೆ ಅವರ ಬಹುಕಾಲದ ಹೋರಾಟವಿದೆ. ಪರಿಷತ್ತು ರೈತರು, ಉದ್ಯಮದವರು, ಪರಿಸರವಾದಿಗಳು ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ 2016ರಲ್ಲಿ ಕರಡು ತಂದಿತು. ಗುರಿಗೆ 80 ವರ್ಷ; ಮೊದಲ ಹತ್ತು ವರ್ಷದಲ್ಲಿ ಹತ್ತರಲ್ಲಿ ಒಂದು ಪಾಲು ದಾರಿ. ಇಷ್ಟು ಸಾವಧಾನದ ಯೋಜನೆಯೂ 2020ರ ತೀರ್ಮಾನದ ನಂತರ ಮೇಲ್ಮನವಿಗಳಾಗಿ ಪರಿಸರ ನ್ಯಾಯಾಲಯದ ಮೆಟ್ಟಿಲೇರಿತು. ಟೌಪೊದಲ್ಲಿದ್ದ ಎರಡು ಸಂಗತಿ ಇಲ್ಲಿರಲಿಲ್ಲ: ಎಲ್ಲರಿಗೂ ಅನ್ವಯಿಸುವ ಗಟ್ಟಿ ಮಿತಿ, ನಷ್ಟ ತುಂಬಿಕೊಡಲು ಮೊದಲೇ ತೆಗೆದಿಟ್ಟ ಹಣ. ಟೌಪೊದ ಸುತ್ತ ಹೊಲಗಳು ಕಡಿಮೆ, ಕೆಳಗೆ ಸಾವಿರಾರು ಎಂಬ ಸಮಜಾಯಿಷಿ ನಿಜವೇ. ಆದರೆ ಹೊಲಗಳ ಸಂಖ್ಯೆ ಬೆಳೆಯುತ್ತಿದ್ದಾಗ ಅನುಮತಿ ಕೊಡುವ ಕುರ್ಚಿಯಲ್ಲಿ ಇದ್ದದ್ದೂ ಇದೇ ಪರಿಷತ್ತು.

ಆದ್ದರಿಂದ ನನ್ನ ಆಕ್ಷೇಪ ಶಿಕ್ಷಣದ ಗುಣದ ಬಗ್ಗೆ ಅಲ್ಲ, ಅದರ ವ್ಯಾಪ್ತಿಯ ಬಗ್ಗೆ. ಮಕ್ಕಳಿಗೆ ತೊರೆ ಗೊತ್ತು, ಅದರೊಳಗಿನ ಹುಳಹುಪ್ಪಟೆಗಳ ಹೆಸರು ಗೊತ್ತು. ಆ ತೊರೆಗೆ ಸಾರಜನಕ ಎಷ್ಟು ವರ್ಷ ನೆಲದಡಿ ಪಯಣಿಸಿ ಬರುತ್ತದೆ, ಅದಕ್ಕೆ ಮಿತಿ ಹಾಕಿದರೆ ಲಾಭ ಯಾರಿಗೆ, ನಷ್ಟ ಯಾರಿಗೆ, ಆ ಮಿತಿಯ ವಿರುದ್ಧ ಮೇಲ್ಮನವಿ ಹಾಕಿದವರ ವಾದವೇನು ಎಂಬುದೂ ಅವರ ಪಾಠದಲ್ಲಿರಬೇಕು. 2080ರಲ್ಲಿ ಟೌಪೊದ ನೀರು ನೋಡುವವರು ಅವರೇ. ಹಿರಿಯರಿಗೂ ಇದೇ ಪಾಠ ಬೇಕು: ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ನೀರು ಕೆಲವು ಕಾಲ ಕೆಡುತ್ತಲೇ ಹೋಗಬಹುದು ಎಂಬುದನ್ನು ಮೊದಲೇ ತಿಳಿಯದ ಮತದಾರ, ಮುಂದಿನ ಚುನಾವಣೆಯಲ್ಲಿ ನಿಯಮವನ್ನೇ ಕಿತ್ತುಹಾಕುವವನಿಗೆ ಮತ ಹಾಕುತ್ತಾನೆ. ಟೌಪೊದ ಹೊಲಹೊಲದ ಲೆಕ್ಕ ಪರಿಷತ್ತಿನ ಕಡತಗಳಲ್ಲಿದೆ. ಅದನ್ನು ಹ್ಯಾಮಿಲ್ಟನ್ನಿನ ತರಗತಿಗಳಿಗೂ ಕೆಳದಂಡೆಯ ಡೈರಿ ರೈತರ ಸಭೆಗಳಿಗೂ ಒಯ್ಯುವ ಕೆಲಸ ಪರಿಷತ್ತಿನದು.